ದಿಬ್ಬ ಕಟ್ಟುವ ಕಾಡಿರುವೆ ಸಾಕಿದ ನನ್ನ ಅನುಭವ

ಪೈನ್ ಕಾಡುಗಳಲ್ಲಿ ಸೂಜಿಯಂಥ ಎಲೆ ರಾಶಿ ಹಾಕಿ ಗೂಡು ಕಟ್ಟುತ್ತವಲ್ಲ, ಆ ಫಾರ್ಮಿಕಾ ರೂಫಾ ಇರುವೆಗಳನ್ನು ನಾನು ಸಾಕುತ್ತಿದ್ದೇನೆ. ಕಾಡಿನ ಗೂಡನ್ನು ಮಾತ್ರ ದಯವಿಟ್ಟು ಅಗೆದು ತರಬೇಡಿ. ಜರ್ಮನಿಯಂಥ ದೇಶಗಳಲ್ಲಿ ಇವುಗಳಿಗೆ ಕಾನೂನಿನ ರಕ್ಷಣೆ ಇದೆ, ಒಂಟಿ ರಾಣಿಯನ್ನು ಹಿಡಿಯುವುದಕ್ಕೂ ಬಿಡುವುದಿಲ್ಲ. ನಾನು ಅದಕ್ಕೆ ಅಡ್ಡಿ ಇಲ್ಲದ ಕಡೆ, ಗಂಡಿನ ಜೊತೆ ಕೂಡುವ ಹಾರಾಟ ಮುಗಿಸಿ ರೆಕ್ಕೆ ಉದುರಿಸಿಕೊಂಡ ಒಂದು ರಾಣಿಯಿಂದ ಶುರು ಮಾಡಿದೆ.

ಕಷ್ಟ ಇರುವುದೇ ಇಲ್ಲಿ. ಈ ರಾಣಿಗೆ ಒಂಟಿಯಾಗಿ ಮರಿ ಬೆಳೆಸಲು ಆಗುವುದಿಲ್ಲ. ಕಾಡಿನಲ್ಲಿ ಅದು ಫಾರ್ಮಿಕಾ ಫಸ್ಕಾ ಎಂಬ ಇನ್ನೊಂದು ಜಾತಿಯ ಗೂಡಿಗೆ ನುಗ್ಗಿ ಅಲ್ಲಿನ ರಾಣಿಯ ಜಾಗ ಹಿಡಿಯುತ್ತದೆ, ಆ ಗೂಡಿನ ಕೆಲಸಗಾರರೇ ಇದರ ಮೊದಲ ಮರಿಗಳನ್ನು ಸಾಕುತ್ತವೆ, ಅವು ವಯಸ್ಸಾಗಿ ಸಾಯುತ್ತಾ ಹೋದಂತೆ ಗೂಡು ಪೂರ್ತಿ ಇದರ ಮಕ್ಕಳದ್ದಾಗುತ್ತದೆ. ಬಲಿತ ಫಸ್ಕಾಗಳನ್ನು ಜೊತೆಗೆ ಬಿಟ್ಟರೆ ರಾಣಿಯನ್ನೇ ಕೊಂದುಹಾಕಬಹುದು. ಅದಕ್ಕೆ ನಾನು ಫಸ್ಕಾದ ಕೋಶಗಳನ್ನು, ಅಂದರೆ ಮರಿ ಒಳಗೇ ಇದ್ದು ಇರುವೆಯಾಗಿ ಬಲಿಯುವ ರೇಷ್ಮೆಗೂಡಿನಂಥ ಪೊರೆಗಳನ್ನು ಕೊಟ್ಟೆ. ಆದರೆ ಮರಿ ಇರುವೆ ತಾನಾಗಿ ಕೋಶ ಹರಿದು ಬರುವುದು ಕಷ್ಟ, ಯಾರಾದರೂ ಬಿಡಿಸಬೇಕು. ಹಾಗಾಗಿ ಆಗಷ್ಟೇ ಹೊರಬಂದ, ಇನ್ನೂ ಬಣ್ಣ ಕಟ್ಟದ ನಾಲ್ಕಾರು ಫಸ್ಕಾಗಳನ್ನೂ ಸೇರಿಸಿದೆ. ಅಷ್ಟು ಎಳೆಯವು ಹೊಸ ರಾಣಿಯ ವಾಸನೆಗೆ ಬೇಗ ಹೊಂದಿಕೊಳ್ಳುತ್ತವೆ.

ಸಂಸಾರ ಬೆಳೆದ ಮೇಲೆ ದೊಡ್ಡ ತೊಟ್ಟಿ ಬೇಕು. ತಳಕ್ಕೆ ಒದ್ದೆ ಮಣ್ಣು, ಮೇಲೆ ಒಣ ಪೈನ್ ಎಲೆ, ಕಡ್ಡಿ, ಒಂದಿಷ್ಟು ಮರದ ರಾಳದ ಚೂರು. ರಾಳಕ್ಕೆ ಬೂಸ್ಟು, ಬ್ಯಾಕ್ಟೀರಿಯಾ ತಡೆಯುವ ಗುಣ ಇದೆ, ಕಾಡಿನಲ್ಲೂ ಇವು ಹುಡುಕಿ ಹೊತ್ತು ತರುತ್ತವೆ. ದೀಪದ ಶಾಖ ಒಂದೇ ಬದಿಗೆ ಬೀಳಲಿ. ಎಲ್ಲಿ ಎಷ್ಟು ಬೆಚ್ಚಗಿದೆ ನೋಡಿಕೊಂಡು ಅವೇ ಮರಿಗಳನ್ನು ಸಾಗಿಸುತ್ತವೆ, ಅದನ್ನು ನೋಡುವುದೇ ನನಗೆ ದೊಡ್ಡ ಖುಷಿ.

ತೊಟ್ಟಿಗೆ ಬಿಗಿ ಮುಚ್ಚಳ ಬೇಡವೇ ಬೇಡ. ಗಾಬರಿಯಾದರೆ ಇವು ಫಾರ್ಮಿಕ್ ಆಸಿಡ್ ಚಿಮ್ಮಿಸುತ್ತವೆ, ಗಾಳಿ ಆಡದಿದ್ದರೆ ಆ ಆವಿಗೆ ತಾವೇ ಸಾಯುತ್ತವೆ. ಮೇಲಂಚಿನ ಒಳಬದಿಗೆ ಟಾಲ್ಕ್ ಪುಡಿಯನ್ನು ಆಲ್ಕೋಹಾಲ್‌ನಲ್ಲಿ ಕಲಸಿ ಬಳಿದರೆ ಕಾಲು ಜಾರಿ ಹತ್ತಲಾರವು. ಅದು ಉದುರುತ್ತಾ ಇರುತ್ತದೆ, ಆಗಾಗ ಮತ್ತೆ ಬಳಿಯಬೇಕು.

ಊಟ ಸುಲಭ. ಕಾಡಿನಲ್ಲಿ ಗಿಡಹೇನುಗಳ ಸಿಹಿರಸ ಕುಡಿಯುತ್ತವೆ, ಇಲ್ಲಿ ಸಕ್ಕರೆ ನೀರು ಸಾಕು. ಮರಿಗಳು ಇರುವಾಗ ನೊಣ, ಮಿಡತೆ ಜಾಸ್ತಿ ಕೊಡಿ. ಚಳಿಗಾಲದಲ್ಲಿ ಮಾತ್ರ ಶಾಖ ಪೂರ್ತಿ ನಿಲ್ಲಿಸಿ, ಕೆಲವು ತಿಂಗಳು 5ರಿಂದ 8 ಡಿಗ್ರಿಯಲ್ಲಿ ಬಿಡಬೇಕು. ಆಗ ಊಟ ಬೇಡ, ತಳದ ಮಣ್ಣು ಒಣಗದಂತೆ ನೋಡಿಕೊಂಡರೆ ಆಯಿತು.