ಮೆಕ್ಕೆಜೋಳದ ಸುಗ್ಗಿಯನ್ನು ಹೊಗೆಯಿಲ್ಲದೆ ದಾಟಿದ್ದು

ದಾವಣಗೆರೆಯ ಎಪಿಎಂಸಿಯಲ್ಲಿ ದಲ್ಲಾಲಿ ಮಂಡಿಯೊಂದರ ಲೆಕ್ಕ ಬರೆಯುವವನು ನಾನು. ಲಾರಿ ಬಂದರೆ ಒಂದು ಸಿಗರೇಟು, ತೂಕ ಮುಗಿದರೆ ಒಂದು, ರೈತರಿಗೆ ಪಟ್ಟಿ ಬರೆದುಕೊಟ್ಟ ಮೇಲೆ ಇನ್ನೊಂದು. ಹೀಗೆ ಕೆಲಸದ ಪ್ರತಿ ಘಟ್ಟಕ್ಕೂ ಹೊಗೆ ಅಂಟಿಕೊಂಡಿತ್ತು.

ಬಿಡಲು ಬೇಸಿಗೆಯನ್ನೇ ಆರಿಸಿಕೊಂಡೆ. ಆಗ ಆವಕ ಕಡಿಮೆ. ಅಕ್ಟೋಬರ್‌ನಲ್ಲಿ ಮೆಕ್ಕೆಜೋಳ ಬರುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿರಲಿ ಎಂಬ ಲೆಕ್ಕಾಚಾರ. ವೈದ್ಯರು ನಿಕೋಟಿನ್ ಗಮ್ ಬರೆದುಕೊಟ್ಟರು, ಅಂದರೆ ಹೊಗೆಯಿಲ್ಲದೆ ತುಸು ನಿಕೋಟಿನ್ ಕೊಟ್ಟು ಹಂಬಲ ತಗ್ಗಿಸುವ, ಅಗಿಯುವ ಗಮ್. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ. ನಾನು ಮೊದಲ ಗುಂಪಿನವನು. ಗಮ್ ಕೆಲಸ ಮಾಡುವುದಿಲ್ಲ ಎನ್ನುವ ಹಲವರು ಅದನ್ನು ಮಿಠಾಯಿಯಂತೆ ಜಗಿದಿರುತ್ತಾರೆ. ಹಾಗೆ ಜಗಿದರೆ ಬಿಕ್ಕಳಿಕೆ, ಎದೆಯುರಿ. ನಿಧಾನವಾಗಿ ಅಗಿದು, ನಾಲಿಗೆಗೆ ಮೆಣಸಿನ ಚುರುಕು ತಾಗಿದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಚಹಾ, ಕಾಫಿ ಕುಡಿದು ಕಾಲು ಗಂಟೆ ಕಳೆದಿರಬೇಕು, ಇಲ್ಲವಾದರೆ ನಿಕೋಟಿನ್ ಬಾಯಿಯಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ.

ಮೊದಲ ಮೂರು ದಿನ ಯಾರ ಮಾತೂ ಸಹಿಸಲಾಗಲಿಲ್ಲ. ಆಮೇಲೆ ಸಿಟ್ಟು ಇಳಿಯಿತು, ನಿದ್ರೆ ಮಾತ್ರ ಬರಲಿಲ್ಲ, ಕೈ ಸಣ್ಣಗೆ ನಡುಗುತ್ತಿತ್ತು. ಇದಕ್ಕೆ ವೈದ್ಯರು ಹೇಳಿದ ಕಾರಣ ನನಗೆ ಹೊಸದು. ಹೊಗೆಯಲ್ಲಿರುವ ರಾಸಾಯನಿಕಗಳಿಂದಾಗಿ ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತದೆ. ಸೇದುವುದು ನಿಂತರೆ ಆ ವೇಗವೂ ತಗ್ಗುತ್ತದೆ, ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚು ಹೊತ್ತು ಉಳಿಯುತ್ತದೆ. ಕಾಫಿಯನ್ನು ಅರ್ಧಕ್ಕಿಳಿಸಿದೆ, ಸಂಜೆಯದನ್ನು ಪೂರ್ತಿ ನಿಲ್ಲಿಸಿದೆ. ನಿದ್ರೆ ಬಂತು. ಬಿಡಲು ಹೊರಟ ಎಲ್ಲರಿಗೂ ಇದನ್ನು ಮೊದಲ ದಿನವೇ ಹೇಳಬೇಕು. ಕಾಫಿಯ ತಳಮಳವನ್ನು ಸಿಗರೇಟಿನ ಹಂಬಲವೆಂದೇ ತಿಳಿದು ಸೋತವರು ಎಷ್ಟೋ ಜನ ಇರಬೇಕು ಎಂಬುದು ನನ್ನ ನಂಬಿಕೆ.

ಗಮ್ಮನ್ನು ಕ್ರಮೇಣ ಇಳಿಸುತ್ತ ಸುಮಾರು ಮೂರು ತಿಂಗಳಲ್ಲಿ ನಿಲ್ಲಿಸಿದೆ. ಸಂಜೆ ಗೂಡಂಗಡಿಯ ಹೊತ್ತಿಗೆ ಕುಂದವಾಡ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ.

ನಿಜವಾದ ಪರೀಕ್ಷೆ ಸುಗ್ಗಿಯಲ್ಲಿ. ರಾತ್ರಿಯವರೆಗೆ ತೂಕ, ಸುತ್ತ ಧೂಳು, ಹಮಾಲರ ಬೀಡಿ ಹೊಗೆ. ದೇಹದಲ್ಲಿ ನಿಕೋಟಿನ್ ಇಲ್ಲದಿದ್ದರೂ ಲಾರಿಯ ಹಾರ್ನ್ ಕೇಳಿದೊಡನೆ ಕೈ ಜೇಬಿಗೆ ಹೋಗುತ್ತಿತ್ತು. ಆ ಸೆಳೆತ ಕೆಲವೇ ನಿಮಿಷಗಳದು. ಅಷ್ಟು ಹೊತ್ತು ಕೈಗೂ ಬಾಯಿಗೂ ಕೆಲಸ ಬೇಕಿತ್ತು. ಮೇಜಿನ ಮೇಲೆ ಒಗ್ಗರಣೆ ಮಂಡಕ್ಕಿಯ ಡಬ್ಬಿ ಇಟ್ಟುಕೊಂಡೆ, ಒಂದೊಂದೇ ಕಾಳು ತಿನ್ನುವುದು ನಿಯಮ. ಮಿರ್ಚಿ ಕೈಬಿಟ್ಟೆ, ಏಕೆಂದರೆ ಸಿಗರೇಟು ಬಿಟ್ಟಾಗ ಹಸಿವು ಹೆಚ್ಚಿ ತೂಕ ಏರುತ್ತದೆ. ಪರಿಚಯದ ರೈತರು ಬೀಡಿ ಚಾಚಿದರೆ, “ಬೇಡ ಯಜಮಾನರೇ, ಮಂಡಕ್ಕಿ ತೆಗೆದುಕೊಳ್ಳಿ” ಎಂದು ಡಬ್ಬಿಯನ್ನೇ ಮುಂದೆ ಸರಿಸುತ್ತಿದ್ದೆ. ಯಾರೂ ಬೇಸರಿಸಿಕೊಳ್ಳಲಿಲ್ಲ.

ಈಗ ಹಮಾಲ ಹುಡುಗರು ಕೇಳಲು ಬರುತ್ತಾರೆ. ಬೀಡಿ ಸಿಗರೇಟಿಗಿಂತ ಹಗುರ ಎಂಬ ಮಾತು ಸುಳ್ಳು, ಟಾರು ಅದರಲ್ಲೂ ಧಾರಾಳವಾಗಿದೆ ಎಂದು ಮೊದಲು ಹೇಳುತ್ತೇನೆ. ಆಮೇಲೆ ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿರುವ ಸಹಾಯವಾಣಿ 1800-11-2356 ತೋರಿಸುತ್ತೇನೆ; ಕರೆ ಉಚಿತ. ಮೊನ್ನೆ ಒಬ್ಬ ಹುಡುಗ ನನ್ನ ಮೇಜಿನ ಪಕ್ಕದಲ್ಲೇ ನಿಂತು ಆ ಸಂಖ್ಯೆಗೆ ಕರೆ ಮಾಡಿದ.