ಅಕ್ಕನ ಜೊತೆ ಸಿಂಗಪುರದಲ್ಲಿ ಮೂರು ರಾತ್ರಿ

ನಮ್ಮಕ್ಕ ದಾವಣಗೆರೆ ಬಿಟ್ಟು ದೂರ ಹೋಗಿದ್ದು ಅಂದ್ರೆ ಧರ್ಮಸ್ಥಳ, ತಿರುಪತಿ. ಎಲ್ಲಿಗೆ ಹೋದರೂ ಹತ್ತು ಜನರ ಬುತ್ತಿ ಕಟ್ಟುವ ಕೆಲಸ ಅವಳದ್ದೇ. ಒಂದು ಸಲವಾದರೂ ಅವಳು ಯಾರಿಗೂ ಬಡಿಸದೆ ಉಣ್ಣಲಿ, ಸುಮ್ನೆ ಅಡ್ಡಾಡಲಿ ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು. ಹೋದ ವರ್ಷ ಇಬ್ಬರೇ ಹೊರಟೆವು.

ಸಿಂಗಪುರ ಆರಿಸಿದ್ದಕ್ಕೆ ಕಾರಣ ಇದೆ. ಬೆಂಗಳೂರಿನಿಂದ ನೇರ ವಿಮಾನ, ಸುಮಾರು ನಾಲ್ಕೂವರೆ ಗಂಟೆ. ಸಸ್ಯಾಹಾರ ಸಿಗುತ್ತದೆ. ಇಬ್ಬರು ಹೆಂಗಸರು ರಾತ್ರಿ ಹತ್ತಕ್ಕೂ ನಿಶ್ಚಿಂತೆಯಿಂದ ನಡೆಯಬಹುದು. ಮೂರು ರಾತ್ರಿಗೆ ಇಷ್ಟು ಸಾಕು ಅನ್ನಿಸಿತು.

ಮೊದಲು ಅಕ್ಕನ ಪಾಸ್‌ಪೋರ್ಟ್ ಮಾಡಿಸಿದೆವು. ವೀಸಾಕ್ಕೆ ನಾವು ಅಧಿಕೃತ ಏಜೆಂಟರ ಮೂಲಕವೇ ಅರ್ಜಿ ಹಾಕಿದೆವು. ಇದಲ್ಲದೆ ಅರೈವಲ್ ಕಾರ್ಡ್ ಅಂತ ಒಂದಿದೆ. ಅಲ್ಲಿಗೆ ತಲುಪುವ ದಿನವೂ ಸೇರಿ ಅದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಸರ್ಕಾರದ ಜಾಲತಾಣದಲ್ಲಿ ಇದಕ್ಕೆ ದುಡ್ಡಿಲ್ಲ. ದುಡ್ಡು ಕೇಳಿದರೆ ನೀವು ಬೇರೆ ಯಾವುದೋ ಪುಟದಲ್ಲಿದ್ದೀರಿ ಅಂತ ಅರ್ಥ, ಅಲ್ಲಿಂದ ಹೊರಗೆ ಬನ್ನಿ.

ಹೊರಡುವ ಹಿಂದಿನ ದಿನ ಅಕ್ಕ ಒಂದು ಡಬ್ಬಿ ಕರ್ಜಿಕಾಯಿ ಕರಿದಿಟ್ಟಿದ್ದಳು. ಒಳಗೆ ಕೊಬ್ಬರಿ, ಬೆಲ್ಲ, ಗಸಗಸೆ. ಸಿಂಗಪುರಕ್ಕೆ ಗಸಗಸೆ ಒಯ್ಯುವ ಹಾಗಿಲ್ಲ, ಅಲ್ಲಿನ ಮಾದಕ ವಸ್ತು ಇಲಾಖೆಯವರ ನಿಷೇಧ ಇದೆ. ಹೇಳಿದಾಗ ಅಕ್ಕನ ಮುಖ ಸಪ್ಪಗಾಯಿತು. ಡಬ್ಬಿ ಪಕ್ಕದ ಮನೆ ಮಕ್ಕಳಿಗೆ ಹೋಯಿತು. ನಮ್ಮ ಬ್ಯಾಗಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಂತು. ಮಸಾಲೆ ಪುಡಿಯಲ್ಲೂ ಗಸಗಸೆ ಇರುತ್ತದೆ, ನೋಡಿಕೊಳ್ಳಿ.

ನಾನು ಒಂದು ತಪ್ಪು ಮಾಡಿದೆ. ಕಡಿಮೆ ಬಾಡಿಗೆ ನೋಡಿ ಹೋಟೆಲ್ ಹಿಡಿದೆ. ಬಾಗಿಲು ತೆಗೆದರೆ ಕಿಟಕಿಯೇ ಇಲ್ಲ. ಅಲ್ಲಿ ಅಗ್ಗದ ಕೋಣೆಗಳು ಹೀಗಿರುವುದು ಸಾಮಾನ್ಯ, ಬುಕ್ ಮಾಡುವಾಗ ನಾನು ಓದಿರಲಿಲ್ಲ. ಅಕ್ಕ ಏನೂ ಅನ್ನಲಿಲ್ಲ. ಆದರೆ ರಾತ್ರಿ ಮೂರು ಸಲ ಎದ್ದು ಕೂತಳು. ಬೆಳಿಗ್ಗೆ ಹೆಚ್ಚಿಗೆ ದುಡ್ಡು ಕೊಟ್ಟು ಕಿಟಕಿ ಇರುವ ಕೋಣೆಗೆ ಹೋದೆವು. ಆ ದುಡ್ಡು ಮೊದಲೇ ಕೊಡಬೇಕಿತ್ತು.

ಮೆಟ್ರೋಗೆ ಬೇರೆ ಟಿಕೆಟ್ ಬೇಡ, ನಮ್ಮ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಬಹುದು. ಆದರೆ ಒಂದು ಕಾರ್ಡಿನಲ್ಲಿ ಇಬ್ಬರು ಹೋಗಲು ಆಗದು. ಅಕ್ಕನ ಕಾರ್ಡಿನಲ್ಲಿ ವಿದೇಶಿ ಬಳಕೆ ಆಫ್ ಇತ್ತು. ಆ್ಯಪ್‌ನಲ್ಲಿ ಆನ್ ಮಾಡಿ ಅವಳ ಕೈಗೇ ಕೊಟ್ಟೆ. ಮೊದಲ ಸಲ ನನ್ನ ಕಡೆ ನೋಡುತ್ತಾ ತಾಗಿಸಿದಳು. ಗೇಟು ತೆರೆಯಿತು. ಒಳಗೆ ಬಂದ ಮೇಲೆ ಕಾರ್ಡನ್ನು ಪರ್ಸಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

ಊಟಕ್ಕೆ ಲಿಟಲ್ ಇಂಡಿಯಾ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ 1947ರಿಂದ ಇರುವ ಸಸ್ಯಾಹಾರಿ ಹೋಟೆಲ್. ದೋಸೆ ಚೆನ್ನಾಗಿತ್ತು, ನಮ್ಮೂರ ಬೆಣ್ಣೆ ದೋಸೆ ಬೇರೆ ಬಿಡಿ. ತಮಿಳು ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಅಕ್ಕನಿಗೆ ಅಲ್ಪಸ್ವಲ್ಪ ತಮಿಳು ತಿಳಿಯುತ್ತದೆ, ಹೂವಿನ ಅಂಗಡಿಯವಳ ಜೊತೆ ಅರ್ಧ ಗಂಟೆ ಮಾತಾಡಿದಳು. ಹಾಕರ್ ಸೆಂಟರ್ ಅಂದರೆ ಒಂದೇ ಸೂರಿನಡಿ ಹತ್ತಾರು ಊಟದ ಅಂಗಡಿಗಳಿರುವ ಜಾಗ. ಅಲ್ಲಿ ಉಂಡವರೇ ತಟ್ಟೆ ಎತ್ತಿಡಬೇಕು, ಅದು ಕಾನೂನು. "ಒಳ್ಳೇ ಪದ್ಧತಿ ಅಲ್ವಾ? ನಮ್ಮನೇಲೂ ತರಬೇಕು ಕಣೇ" ಅಂದಳು.

ಎರಡನೇ ದಿನ ಗಾರ್ಡನ್ಸ್ ಬೈ ದಿ ಬೇ ಅನ್ನುವ ದೊಡ್ಡ ಉದ್ಯಾನಕ್ಕೆ ಹೋದೆವು. ಲಿಟಲ್ ಇಂಡಿಯಾದಿಂದ ಬೇಫ್ರಂಟ್ ನಿಲ್ದಾಣಕ್ಕೆ ಡೌನ್‌ಟೌನ್ ಲೈನ್‌ನಲ್ಲಿ ನೇರ ರೈಲು. ಹೊರಗೆ ಬೆವರಿಳಿಯುವ ಸೆಕೆ. ಅಲ್ಲಿನ ಹೂವಿನ ಗಾಜಿನ ಮನೆ ಫ್ಲವರ್ ಡೋಮ್ ಒಳಗೆ ಕಾಲಿಟ್ಟರೆ ತಣ್ಣಗೆ. ಕುಂದವಾಡ ಕೆರೆ ಹತ್ತಿರದ ನಮ್ಮ ಗಾಜಿನ ಮನೆ ಅಕ್ಕನಿಗೆ ನೆನಪಾಯಿತು. ಅದಕ್ಕಿಂತ ಎಷ್ಟು ಪಟ್ಟು ದೊಡ್ಡದು ಅಂತ ಹೆಜ್ಜೆ ಎಣಿಸಲು ಶುರು ಮಾಡಿ, ಹೂ ನೋಡುತ್ತಾ ಲೆಕ್ಕ ಮರೆತಳು. ಇದಕ್ಕೆ ಟಿಕೆಟ್ ಇದೆ.

ಸಂಜೆ 7.45ಕ್ಕೆ ಹೊರಗಿನ ಸೂಪರ್‌ಟ್ರೀಗಳಲ್ಲಿ ದೀಪ ಮತ್ತು ಸಂಗೀತ, ಅದು ಪುಕ್ಕಟೆ. 25ರಿಂದ 50 ಮೀಟರ್ ಎತ್ತರದ ಕಬ್ಬಿಣದ ಮರಗಳು, ಮೈತುಂಬಾ ನಿಜವಾದ ಬಳ್ಳಿ. ಕತ್ತೆತ್ತಿ ನೋಡಿದರೆ ನೋವು ಬರುತ್ತದೆ, ಅದಕ್ಕೆ ಜನ ನೆಲದ ಮೇಲೆ ಮಲಗಿ ನೋಡುತ್ತಾರೆ. ಅಕ್ಕ ಸ್ವಲ್ಪ ಹೊತ್ತು ಸುತ್ತಮುತ್ತ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮಲಗಿಯೇ ಬಿಟ್ಟಳು. ನಾನೂ ಪಕ್ಕದಲ್ಲಿ ಮಲಗಿದೆ. ಚಿತ್ರದುರ್ಗದ ನಮ್ಮಜ್ಜಿ ಮನೆ ಮಾಳಿಗೆ ಮೇಲೆ ಬೇಸಿಗೆ ರಜೆಯಲ್ಲಿ ಹೀಗೇ ಮಲಗುತ್ತಿದ್ದೆವು. ಅವಳ ಮದುವೆಯಾದ ಮೇಲೆ ನಾವಿಬ್ಬರೂ ಹಾಗೆ ಮಲಗಿ ಆಕಾಶ ನೋಡಿರಲಿಲ್ಲ.

ಮೂರನೇ ದಿನಕ್ಕೆ ನಾನು ಸೆಂಟೋಸಾ ದ್ವೀಪ ಅಂತ ಬರೆದಿಟ್ಟಿದ್ದೆ. "ಎಲ್ಲಿಗೆ ಹೋಗೋಣ?" ಅಂತ ಕೇಳಿದೆ. "ನಿನ್ನೆ ಹೋದಲ್ಲಿಗೇ ಹೋಗೋಣ್ವಾ?" ಅಂದಳು. ಸೆಂಟೋಸಾ ಬಿಟ್ಟೆವು. ಮಧ್ಯಾಹ್ನ ಹಾಯಾಗಿ ನಿದ್ದೆ ಮಾಡಿ, ಸಂಜೆ ಹೊರಟೆವು. ಆ ಸಲ ಕಾರ್ಡ್ ತಾಗಿಸಿ ಮುಂದೆ ಹೋದವಳು ಅಕ್ಕ. ಯಾವ ಕಡೆಯ ರೈಲು, ಎಲ್ಲಿ ಇಳಿಯಬೇಕು, ಎಲ್ಲ ಅವಳಿಗೇ ಗೊತ್ತಿತ್ತು.