ಸಿಂಥೆಟಿಕ್ ಬೋನ್ ಗ್ರಾಫ್ಟ್ ಬಿಲ್ ಮಾಡುವ ಮುಂಚೆ

ಶಿರಸಿ, ಸಿದ್ದಾಪುರ, ಕುಮಟಾ ಕಡೆ ಮನೆಯಲ್ಲೇ ಕೂತು ಅಮೆರಿಕದ ಡೆಂಟಲ್ ಕ್ಲಿನಿಕ್‌ಗಳ ಬಿಲ್ಲಿಂಗ್ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ಲೀನಿಂಗ್, ಫಿಲ್ಲಿಂಗ್, ಕ್ರೌನ್ ಎಲ್ಲ ಬೇಗ ಕೈಗೆ ಹತ್ತುತ್ತವೆ. ಬೋನ್ ಗ್ರಾಫ್ಟ್, ಅಂದರೆ ದವಡೆಯಲ್ಲಿ ಮೂಳೆ ಕಡಿಮೆಯಾದ ಕಡೆ ಮೂಳೆ ಅಥವಾ ಅದರಂಥ ಪುಡಿ ತುಂಬುವ ಕೆಲಸ, ಬಂದಾಗ ಹೊಸಬರು ತಡವರಿಸುತ್ತಾರೆ. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗಿ ಶುರುವಿನಲ್ಲೇ ಕೇಳಿದಳು: "ಅಕ್ಕಾ, ಡಾಕ್ಟರು ಹಾಕಿದ್ದು ಸಿಂಥೆಟಿಕ್ ಪುಡಿ. ಅದಕ್ಕೆ ಬೇರೆ ಕೋಡ್ ಇಲ್ವಾ?"

ಇಲ್ಲ. ಕೋಡ್ ಅಂದರೆ ಇನ್ಶೂರೆನ್ಸ್‌ಗೆ ಕಳಿಸುವ ಬಿಲ್‌ನಲ್ಲಿ ಪ್ರತಿ ಚಿಕಿತ್ಸೆಗೂ ಹಾಕುವ ಗುರುತಿನ ನಂಬರ್. ಪುಡಿ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಇರಲಿ, ಹೈಡ್ರಾಕ್ಸಿಅಪಟೈಟ್ ಇರಲಿ (ಎರಡೂ ಸಿಂಥೆಟಿಕ್), ದಾನಿಯ ಮೂಳೆಯೇ ಇರಲಿ, ಕೋಡ್ ಅದೇ. ಎಲ್ಲಿ ಹಾಕಿದರು, ಯಾವ ಹೊತ್ತಲ್ಲಿ ಹಾಕಿದರು ಅಂತ ನೋಡಬೇಕು. ಒಂದೇ ಮರದ ಅಡಿಕೆ, ಹಸಿಯಾಗಿರುವಾಗಲೇ ಸುಲಿದು ಬೇಯಿಸಿದರೆ ರಾಶಿ, ಹಣ್ಣಾದ ಮೇಲೆ ಒಣಗಿಸಿದರೆ ಚಾಲಿ ಆಗುತ್ತದಲ್ಲ, ಹಾಗೆ.

ಹಲ್ಲು ಕಿತ್ತ ಕೂಡಲೇ ಆ ಸಾಕೆಟ್‌ಗೆ (ಹಲ್ಲಿದ್ದ ಗುಳಿಗೆ) ತುಂಬಿದರೆ ಡಿ7953. ಹಲ್ಲು ಬಾಯಲ್ಲೇ ಇದ್ದು, ವಸಡಿನ ಕಾಯಿಲೆಯಿಂದ ಸುತ್ತಲಿನ ಮೂಳೆ ಕರಗಿದ ಕಡೆ ಹಾಕಿದರೆ ಡಿ4263. ಅದೇ ಕ್ವಾಡ್ರಂಟ್‌ನ (ಬಾಯಿಯ ಕಾಲು ಭಾಗದ) ಮುಂದಿನ ಪ್ರತಿ ಜಾಗಕ್ಕೂ ಡಿ4264. ಇಂಪ್ಲಾಂಟ್ (ಮೂಳೆಯೊಳಗೆ ನಿಲ್ಲಿಸುವ ಕೃತಕ ಹಲ್ಲಿನ ಬೇರು) ಕೂರಿಸುವಾಗಲೇ ಹಾಕಿದರೆ ಡಿ6104. ಹಲ್ಲು ಎಂದೋ ಹೋಗಿ, ಗಾಯ ಮಾಸಿ, ತೆಳ್ಳಗಾದ ದವಡೆಯನ್ನು ದಪ್ಪ ಮಾಡಲು ಹಾಕಿದರೆ ಡಿ7950. ಡಾಕ್ಟರ ನೋಟ್ಸ್ ಓದದೆ ಇದನ್ನು ಊಹಿಸಲೇಬೇಡಿ. 'ಬೋನ್ ಗ್ರಾಫ್ಟ್ ಡನ್' ಎಂದಷ್ಟೇ ಬರೆದಿದ್ದರೆ ಕ್ಲಿನಿಕ್‌ಗೆ ಮೆಸೇಜ್ ಹಾಕಿ ಕೇಳಿ.

ಗ್ರಾಫ್ಟ್ ಮೇಲೆ ಮೆಂಬ್ರೇನ್ ಎಂಬ ತೆಳು ಪದರ ಹೊದಿಸಿದ್ದರೆ ಅದನ್ನು ಬೇರೆಯಾಗಿ ಬಿಲ್ ಮಾಡಬೇಕು. ಇಲ್ಲಿ ಹಳೆಯ ನೋಟ್‌ಬುಕ್ ನಂಬಬೇಡಿ. ಹಲ್ಲಿಲ್ಲದ ಜಾಗದ ಕರಗುವ ಮೆಂಬ್ರೇನ್‌ಗೆ 2023ರಿಂದ ಡಿ7956 ಬಂದಿದೆ. ಡಿ4266 ಈಗ ಇರುವ ಹಲ್ಲಿನ ಸುತ್ತ ಹಾಕಿದ್ದಕ್ಕೆ ಮಾತ್ರ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಪ್ರತಿ ಜನವರಿ 1ಕ್ಕೆ ಕೋಡ್ ಪಟ್ಟಿ ಬದಲಿಸುತ್ತದೆ. ಡಿಸೆಂಬರ್‌ನಲ್ಲೇ ಹೊಸದನ್ನು ನೋಡಿಟ್ಟುಕೊಳ್ಳಿ.

ಹಲ್ಲಿನ ನಂಬರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮೂರ ಕ್ಲಿನಿಕ್‌ಗಳಲ್ಲಿ ಕೆಲಸ ಮಾಡಿ ಬಂದವರಿಗೆ ಇದು ತೊಡಕು. ಇಲ್ಲಿ ಕೆಳದವಡೆಯ ಎಡಗಡೆಯ ಮೊದಲ ದವಡೆ ಹಲ್ಲಿಗೆ 36 ಅನ್ನುತ್ತೇವೆ. ಅಲ್ಲಿ ಅದೇ ಹಲ್ಲು 19. ಅವರ ಎಣಿಕೆ 1ರಿಂದ 32ರವರೆಗೆ ಒಂದೇ ಸಾಲು, ಮೇಲೆ ಬಲಗಡೆಯಿಂದ ಶುರು. ನಮ್ಮ 26 ಎಂಬ ಹಲ್ಲು ಅವರಿಗೆ 14. ಅವರ 26 ಅಂದರೆ ಕೆಳಗಿನ ಮುಂಭಾಗದ ಹಲ್ಲು. ಹಾಗಾಗಿ ತಪ್ಪು ಬರೆದರೂ ಸಿಸ್ಟಮ್ ಸುಮ್ನೆ ತಗೊಳ್ಳುತ್ತದೆ. ಎಕ್ಸ್‌ರೇ ತೆರೆದು ಹಲ್ಲಿಗೆ ಬೆರಳಿಟ್ಟು ನೋಡಿ, ಆಮೇಲೆ ನಂಬರ್ ಹಾಕಿ.

ಇನ್ನು ನರೇಟಿವ್, ಅಂದರೆ ಈ ಚಿಕಿತ್ಸೆ ಯಾಕೆ ಬೇಕಾಯಿತು ಎಂದು ಕ್ಲೇಮ್ (ಹಣ ಕೇಳಿ ಇನ್ಶೂರೆನ್ಸ್‌ಗೆ ಕಳಿಸುವ ಬಿಲ್) ಜೊತೆ ಬರೆಯುವ ವಿವರಣೆ. ಹಣ ಬರುವುದು, ಬಿಡುವುದು ಬಹುಪಾಲು ಇದರ ಮೇಲೆ ನಿಂತಿದೆ. ಇನ್ಶೂರೆನ್ಸ್‌ನಲ್ಲಿ ಕೂತ ಡೆಂಟಲ್ ಕನ್ಸಲ್ಟೆಂಟ್‌ಗೆ ರೋಗಿ ಕಾಣುವುದಿಲ್ಲ, ನೀವು ಕಳಿಸಿದ್ದಷ್ಟೇ ಕಾಣುತ್ತದೆ. 'ಮೂಳೆ ಉಳಿಸಲು ಅಗತ್ಯ' ಎಂಬ ಒಂದು ಸಾಲಿನಿಂದ ಅವರಿಗೆ ಏನೂ ತಿಳಿಯದು. ನಾನು ಬರೆಯುವುದು ಹೀಗೆ: 19ನೇ ಹಲ್ಲು ಬೇರಿನವರೆಗೆ ಸೀಳಿದೆ, ಕ್ರೌನ್ ಹಾಕಿ ಉಳಿಸಲು ಆಗದು. ಕಿತ್ತಾಗ ಕೆನ್ನೆ ಕಡೆಯ ಗೋಡೆಯಲ್ಲಿ 5 ಮಿಲಿಮೀಟರ್‌ನಷ್ಟು ಮೂಳೆಯೇ ಇರಲಿಲ್ಲ. ಮುಂದೆ ಇಂಪ್ಲಾಂಟ್ ಹಾಕುವ ಯೋಜನೆಯಿದೆ. ಅದೇ ದಿನ ಅರ್ಧ ಸಿಸಿ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ತುಂಬಿ, ಕೊಲಾಜನ್ ಮೆಂಬ್ರೇನ್ ಹೊದಿಸಿ ಹೊಲಿಗೆ ಹಾಕಲಾಗಿದೆ. ಇಷ್ಟೇ. ಪ್ರತಿ ಮಾತೂ ಡಾಕ್ಟರ ನೋಟ್ಸ್‌ನಲ್ಲಿ ಇರಲೇಬೇಕು. ಜೊತೆಗೆ ಕೀಳುವ ಮುಂಚಿನ ಎಕ್ಸ್‌ರೇ, ಗ್ರಾಫ್ಟ್ ಹಾಕಿದ ಮೇಲಿನದು, ಎರಡರ ಮೇಲೂ ತಾರೀಖು. ಡಿ4263 ಆದರೆ ಪೆರಿಯೋ ಚಾರ್ಟ್ (ವಸಡಿನ ಅಳತೆಗಳ ಪಟ್ಟಿ) ಕೂಡ ಲಗತ್ತಿಸಿ.

ಚಿಕಿತ್ಸೆಗೆ ಮೊದಲೇ ರೋಗಿಯ ಇನ್ಶೂರೆನ್ಸ್ ಪ್ಲಾನ್ ಬಗ್ಗೆ ಆ ಕಂಪನಿಗೆ ಫೋನ್ ಮಾಡುವುದು ಒಳ್ಳೆಯದು. ನ್ಯೂಯಾರ್ಕ್ ಕಡೆ ಬೆಳಿಗ್ಗೆ 8 ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 5.30, ಚಳಿಗಾಲದಲ್ಲಿ 6.30. ಆಫೀಸ್ ತೆರೆದ ಕೂಡಲೇ ಮಾಡಿದರೆ ಹೋಲ್ಡ್ ಕಡಿಮೆ. ಮಳೆಗಾಲದಲ್ಲಿ ಶಿರಸಿಯ ಕರೆಂಟ್ ಗೊತ್ತಲ್ಲ, ರೂಟರ್‌ಗೆ ಚಿಕ್ಕ ಯುಪಿಎಸ್ ಇಟ್ಟುಕೊಳ್ಳಿ. 'ಡಿ7953 ಕವರ್ ಆಗುತ್ತಾ' ಅಂತ ಕೇಳಿದರೆ 'ಹೌದು' ಅಂದುಬಿಡುತ್ತಾರೆ. ಹಲ್ಲು ಕಿತ್ತ ದಿನವೇ ಮಾಡಿದರೆ ಕೊಡ್ತೀರಾ, ಪ್ಲಾನ್‌ನಲ್ಲಿ ಇಂಪ್ಲಾಂಟ್ ಇಲ್ಲದಿದ್ದರೆ ಗ್ರಾಫ್ಟ್‌ಗೂ ಇಲ್ವಾ, ವೇಟಿಂಗ್ ಪೀರಿಯಡ್ ಇದೆಯಾ, ವರ್ಷದ ಮಿತಿಯಲ್ಲಿ ಎಷ್ಟು ಉಳಿದಿದೆ ಅಂತ ಬಿಡಿಸಿ ಕೇಳಿ. ತುಂಬ ಪ್ಲಾನ್‌ಗಳ ವಾರ್ಷಿಕ ಮಿತಿ 1,000ದಿಂದ 2,000 ಡಾಲರ್ ಒಳಗೇ ಇರುತ್ತದೆ. ಒಂದು ಕ್ರೌನ್ ಆಗಿದ್ದರೆ ಅರ್ಧ ಖಾಲಿ. ರೋಗಿಗೆ ಕೈಯಿಂದ ಎಷ್ಟು ಬೀಳುತ್ತದೆ ಅಂತ ಮುಂಚೆಯೇ ತಿಳಿಯಬೇಕು. ಪ್ರೀಡಿಟರ್ಮಿನೇಷನ್ (ಎಷ್ಟು ಕೊಡುತ್ತೀರಿ ಎಂದು ಇನ್ಶೂರೆನ್ಸ್‌ಗೆ ಮುಂಚೆಯೇ ಕೇಳುವ ಅರ್ಜಿ) ಕಳಿಸಿ, ಆದರೆ ಅದು ಹಣ ಕೊಡುವ ಗ್ಯಾರಂಟಿ ಅಲ್ಲ ಎಂದೂ ರೋಗಿಗೆ ಹೇಳಿಸಿ.

ಒಂದು ಕೋಡ್‌ಗೆ ಹಣ ಸಿಗಲ್ಲ ಅಂತ ಇನ್ನೊಂದು ಕೋಡ್ ಹಾಕುವುದು ಮೋಸ. ಯಾರು ಹೇಳಿದರೂ ಮಾಡಬೇಡಿ. ಹಾಗೆಯೇ ರೋಗಿಯ ಎಕ್ಸ್‌ರೇಯನ್ನು ಸಂಶಯ ಕೇಳಲಿಕ್ಕೂ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಅದು ರೋಗಿಯ ಮಾಹಿತಿ ಗುಟ್ಟಾಗಿಡಬೇಕೆನ್ನುವ ಅಮೆರಿಕದ ಹಿಪಾ ಕಾನೂನಿಗೆ ವಿರುದ್ಧ, ಮೇಲಾಗಿ ಒಬ್ಬರ ಬಾಯಿಯ ವಿಷಯ ಅದು.

ಕ್ಲೇಮ್ ತಿರಸ್ಕಾರವಾದರೆ ಅದನ್ನೇ ಮತ್ತೆ ಕಳಿಸಬೇಡಿ, ಡೂಪ್ಲಿಕೇಟ್ ಅಂತ ವಾಪಸ್ ಬರುತ್ತದೆ. ಇಒಬಿಯಲ್ಲಿ (ಏನು ಕೊಟ್ಟರು, ಏನು ಇಲ್ಲ ಎಂದು ಇನ್ಶೂರೆನ್ಸ್ ಕಳಿಸುವ ವಿವರ ಪತ್ರ) ಕಾರಣ ಓದಿ. 'ಕೀಳುವ ಕೆಲಸದಲ್ಲೇ ಇದು ಸೇರಿದೆ' ಎಂದಿದ್ದರೆ, ಡಿ7953 ಪ್ರತ್ಯೇಕ ಕೋಡ್ ಎಂದು ತೋರಿಸಿ, ಎಕ್ಸ್‌ರೇ ಸಮೇತ ಡಾಕ್ಟರ ಸಹಿಯಿರುವ ಅಪೀಲ್ ಪತ್ರ ಕಳಿಸಿ. 'ಮಾಹಿತಿ ಸಾಲದು' ಎಂದಿದ್ದರೆ ಏನು ಸಾಲದು ಅಂತ ಫೋನಲ್ಲೇ ಕೇಳಿ, ಮಾತಾಡಿದವರ ಹೆಸರು, ಕಾಲ್ ರೆಫರೆನ್ಸ್ ನಂಬರ್ ಬರೆದುಕೊಳ್ಳಿ. ಪ್ಲಾನ್‌ನಲ್ಲೇ ಗ್ರಾಫ್ಟ್ ಇಲ್ಲ ಎಂದಿದ್ದರೆ ಅಪೀಲ್‌ಗೆ ಹೊತ್ತು ಹಾಳು ಮಾಡದೆ ಅದೇ ದಿನ ಕ್ಲಿನಿಕ್‌ಗೆ ತಿಳಿಸಿ, ರೋಗಿಯ ಜೊತೆ ಕಂತಿನ ಮಾತು ಆಡಿಕೊಳ್ಳಲಿ.